ಅರ್ಧ ಬಂದ ದತ್ತಾಂಶ ಕೆಟ್ಟ ದತ್ತಾಂಶವಲ್ಲ

ಬೈಟುಗಳನ್ನು ಓದಿ ಅರ್ಥವಿರುವ ದತ್ತಾಂಶವಾಗಿಸುವ ಪ್ರೋಗ್ರಾಮೇ ಡಿಕೋಡರ್. ಪರಿಶೀಲನೆಗೆಂದು ನನ್ನ ಮುಂದೆ ಬರುವ ಡಿಕೋಡರ್‌ಗಳಲ್ಲಿ ಬಹುಪಾಲಿಗೆ ಒಂದೇ ಎರರ್ ಗೊತ್ತು: ‘ಡಿಕೋಡ್ ವಿಫಲ’. ಬೈಟುಗಳು ಇನ್ನೂ ಬಂದು ಮುಗಿಯದಿದ್ದರೂ ಅದೇ, ಬಂದ ಬೈಟುಗಳು ಕೆಟ್ಟಿದ್ದರೂ ಅದೇ, ಕಳುಹಿಸಿದವರು ನಮಗೆ ತಿಳಿಯದ ಹೊಸ ಆವೃತ್ತಿ ಬಳಸಿದ್ದರೂ ಅದೇ. ಮೊದಲನೆಯದಕ್ಕೆ ಕಾಯಬೇಕು, ಎರಡನೆಯದನ್ನು ತಿರಸ್ಕರಿಸಬೇಕು, ಮೂರನೆಯದಕ್ಕೆ ನಮ್ಮ ಪ್ರೋಗ್ರಾಮನ್ನೇ ಬದಲಿಸಬೇಕು. ಎರರ್ ಕೈಗೆ ಬಂದವರು ಮುಂದೇನು ಮಾಡಬೇಕು ಎಂಬುದರ ಮೇಲೆ ವಿಧಗಳನ್ನು ವಿಂಗಡಿಸಿ ಎಂದು ಹೇಳಿ ಹೇಳಿ ಬಾಯಿ ಒಣಗಿದೆ.

ಕಾಯಬೇಕಾದದ್ದನ್ನು ತಿರಸ್ಕರಿಸುವುದೇ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ‘ಕ’ ಅಕ್ಷರವನ್ನೇ ನೋಡಿ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟುಗಳು: 224, 178, 149. ನೀವು ಕಡತವನ್ನು 4096 ಬೈಟುಗಳ ತುಂಡುಗಳಾಗಿ ಓದುತ್ತೀರಿ ಎನ್ನೋಣ. ಬರೀ ಕನ್ನಡ ಅಕ್ಷರಗಳೇ ಇದ್ದರೆ ಮೊದಲ ತುಂಡಿನಲ್ಲಿ 1365 ಸಂಕೇತಗಳು ಮುಗಿದು ಒಂದು ಬೈಟ್ ಉಳಿಯುತ್ತದೆ. ಆ ಒಂಟಿ 224ರಲ್ಲಿ ಯಾವ ದೋಷವೂ ಇಲ್ಲ; ಅದರ ಜೊತೆಯ ಎರಡು ಬೈಟುಗಳು ಮುಂದಿನ ತುಂಡಿನಲ್ಲಿವೆ, ಅಷ್ಟೆ. ಆದರೆ 224ರ ಹಿಂದೆಯೇ 65 ಬಂದರೆ ಮಾತು ಬೇರೆ. ಎಷ್ಟು ಕಾದರೂ ಅದು ಅಕ್ಷರವಾಗುವುದಿಲ್ಲ.

ಒಂದು ಸಂಸ್ಥೆಯ ಗ್ರಾಹಕರ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡ ಹೆಸರಿನ ನಡುವೆ ಕಪ್ಪು ವಜ್ರಾಕೃತಿಯೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತಿತ್ತು. ಮೊದಲು ಫಾಂಟ್ ಮೇಲೆ ಅನುಮಾನ, ಆಮೇಲೆ ಡೇಟಾಬೇಸ್ ಮೇಲೆ. ಹುಡುಗರು ಬುದ್ಧಿವಂತರು, ರಾತ್ರಿಯೆಲ್ಲ ಕುಳಿತು ಹುಡುಕಿದ್ದರು. ಆದರೆ ಅವರ ಪರೀಕ್ಷೆಯ ಕಡತಗಳೆಲ್ಲ ಇಂಗ್ಲಿಷ್ ಹೆಸರುಗಳವು. ಅಲ್ಲಿ ಅಕ್ಷರಕ್ಕೊಂದೇ ಬೈಟ್, ತುಂಡು ಎಲ್ಲಿ ಕತ್ತರಿಸಿದರೂ ಅಕ್ಷರ ಒಡೆಯುವುದಿಲ್ಲ. ಡಿಕೋಡರ್ ಅರ್ಧಕ್ಕೆ ನಿಂತ ಅಕ್ಷರವನ್ನು ಕೆಟ್ಟದ್ದೆಂದು ಬಗೆದು ಆ ಚಿಹ್ನೆಯನ್ನು ತುಂಬುತ್ತಿತ್ತು. ಉಳಿದ ಬೈಟುಗಳನ್ನು ಎತ್ತಿಟ್ಟು ಮುಂದಿನ ತುಂಡಿಗೆ ಸೇರಿಸಿದ ಮೇಲೆ ಹೆಸರುಗಳು ಸರಿಯಾದವು. ತನ್ನ ಹೆಸರನ್ನು ಹಾಗೆ ಒಡೆದ ರೂಪದಲ್ಲಿ ನೋಡಿದವರಿಗೆ ಆಗುವ ಬೇಸರ ಸಣ್ಣದಲ್ಲ.

ಈ ಭೇದ ನನ್ನ ಹಟವೇನೂ ಅಲ್ಲ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯುಟಿಎಫ್-8 ಎರರ್ ಎಲ್ಲಿಯವರೆಗೆ ಸರಿಯಿದೆ ಎಂದು ಹೇಳುತ್ತದೆ. ಜೊತೆಗೆ, ಕೆಟ್ಟ ಬೈಟುಗಳು ಎಷ್ಟು ಎಂಬ ಪ್ರಶ್ನೆಗೆ ದತ್ತಾಂಶ ನಡುವೆಯೇ ಮುಗಿದಿದ್ದರೆ ಸಂಖ್ಯೆಯನ್ನೇ ಕೊಡುವುದಿಲ್ಲ. ಗೋ ಭಾಷೆಯಲ್ಲಿ ಸಹಜವಾಗಿ ಮುಗಿದದ್ದಕ್ಕೂ ನಡುವೆ ತುಂಡಾದದ್ದಕ್ಕೂ ಬೇರೆ ಬೇರೆ ಎರರ್‌ಗಳಿವೆ. ಬೈಟುಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ಬೇಸ್64 ಪದ್ಧತಿಗೆ ಅದರಲ್ಲಿರುವ ಎರರ್ ಕೆಟ್ಟ ಬೈಟ್ ಇರುವ ಸ್ಥಾನವನ್ನೂ ತಿಳಿಸುತ್ತದೆ. ಸ್ಥಾನವಿಲ್ಲದ ಎರರ್ ಹಿಡಿದು ದೊಡ್ಡ ಕಡತದಲ್ಲಿ ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಹಾಗೆಂದು ಕಾಯುತ್ತಲೇ ಕೂರುವುದೂ ಸಲ್ಲದು. ಸಂಪರ್ಕ ಮುಚ್ಚಿದ ಕ್ಷಣ ‘ಇನ್ನೂ ಬೇಕು’ ಎನ್ನುವುದು ‘ತುಂಡಾಗಿದೆ’ ಎಂದಾಗಬೇಕು. ಮುಂದೆ ನಾಲ್ಕು ಜಿಬಿ ಬರಲಿದೆ ಎಂದು ಕಳುಹಿಸಿದವರು ದತ್ತಾಂಶದ ಆರಂಭದಲ್ಲಿ ಬರೆದ ಮಾತ್ರಕ್ಕೆ ಅಷ್ಟು ಮೆಮೊರಿ ಎತ್ತಿಡಬೇಡಿ. ಮಿತಿ ಮೀರಿದ್ದಕ್ಕೂ ಪ್ರತ್ಯೇಕ ಎರರ್ ಇರಲಿ.

ಗೂಢಲಿಪೀಕರಣದಲ್ಲಿ ಮಾತ್ರ ನನ್ನ ಸಲಹೆ ಹೆಚ್ಚುಕಡಿಮೆ ತಿರುಗಿಬೀಳುತ್ತದೆ. ಪ್ಯಾಡಿಂಗ್ (ಉದ್ದ ಸರಿಹೊಂದಿಸಲು ಸಂದೇಶದ ಕೊನೆಗೆ ತುಂಬುವ ಬೈಟುಗಳು) ತಪ್ಪಿದೆಯೋ ಇಲ್ಲವೋ ಎಂಬಷ್ಟು ಸುಳಿವು ಸಿಕ್ಕರೂ ಕೀಲಿಯಿಲ್ಲದೆ ಸಂದೇಶವನ್ನು ಬಿಡಿಸಬಹುದೆಂದು ಗೂಢಲಿಪಿ ತಜ್ಞ ಸರ್ಜ್ ವೋಡ್ನೆ 2002ರಲ್ಲಿ ತೋರಿಸಿದರು. ಅಲ್ಲಿ ಹೊರಗಿನವರಿಗೆ ಒಂದೇ ಉತ್ತರ ಹೋಗಲಿ. ಉತ್ತರಕ್ಕೆ ಹಿಡಿಯುವ ಸಮಯವೂ ವ್ಯತ್ಯಾಸವನ್ನು ಬಿಟ್ಟುಕೊಡದಿರಲಿ. ಈ ಭಾಗವನ್ನು ಸ್ವಂತವಾಗಿ ಬರೆಯುವ ಬದಲು ಬಲ್ಲವರು ಬರೆದ ಲೈಬ್ರರಿ ಬಳಸುವುದೇ ಕ್ಷೇಮ.

ಎನ್‌ಕೋಡ್ ಮಾಡುವಾಗಿನ ಎರರ್‌ಗಳನ್ನು ಡಿಕೋಡ್‌ನವುಗಳ ಜೊತೆ ಬೆರೆಸಬೇಡಿ. ಡಿಕೋಡರ್‌ಗೆ ಬರುವುದು ಹೊರಗಿನವರ ದತ್ತಾಂಶ, ಎನ್‌ಕೋಡರ್‌ಗೆ ಸಿಗುವುದು ಬೈಟುಗಳಾಗಿಸಿ ಕಳುಹಿಸಬೇಕಾದ ನಮ್ಮದೇ ಮೌಲ್ಯ. ಉದ್ದವನ್ನು 16 ಬಿಟ್‌ಗಳಲ್ಲಿ ಬರೆಯುವ ವಿನ್ಯಾಸದಲ್ಲಿ 65,535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. 70,000 ಬೈಟುಗಳ ಸಂದೇಶಕ್ಕೆ ಸದ್ದಿಲ್ಲದೆ 4,464 (65,536 ಕಳೆದು ಉಳಿದದ್ದು) ಎಂದು ಬರೆದು ಕಳುಹಿಸುವ ಎನ್‌ಕೋಡರ್‌ಗಳನ್ನು ನೋಡಿದ್ದೇನೆ. ಆಗ ಎರರ್ ಕಾಣುವುದು ಆ ಕಡೆಯವರ ಲಾಗ್‌ನಲ್ಲಿ, ತಿದ್ದಬೇಕಾದದ್ದು ನಮ್ಮ ಕೋಡ್‌ನಲ್ಲಿ.