ಹೆರಿಗೆಯಲ್ಲಿ ‘ಕೆಟ್ಟ ರಕ್ತ’ ಹೋಗಲೇಬೇಕಂತೆ, ನಿಜವೇ?

ಪ್ರಶ್ನೆ: ತಂಗಿಗೆ ಮುಂದಿನ ತಿಂಗಳು ಹೆರಿಗೆ. ಕೆಟ್ಟ ರಕ್ತವೆಲ್ಲ ಹೋಗಿಬಿಡಬೇಕು, ತಡೆದರೆ ಹೊಟ್ಟೆಯಲ್ಲೇ ಕಟ್ಟಿಕೊಳ್ಳುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಎಷ್ಟು ಹೋದರೆ ಸಹಜ? ಯಾವಾಗ ಗಾಬರಿಯಾಗಬೇಕು?

ಉತ್ತರ: ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಊರಿನ ಹೆಸರಷ್ಟೇ ಬೇರೆ. ಇರಲಿ, ಮೊದಲು ಲೆಕ್ಕ, ಜಗಳ ಆಮೇಲೆ.

ಹೆರಿಗೆಯಾದ 24 ಗಂಟೆಯೊಳಗೆ 500 ಎಂಎಲ್ ಅಥವಾ ಹೆಚ್ಚು ರಕ್ತ ಹೋದರೆ ಅದು ಅತಿ ರಕ್ತಸ್ರಾವ. 300 ಎಂಎಲ್ ಹೋಗುವಷ್ಟರಲ್ಲೇ ನಾಡಿ ಏರಿದ್ದರೆ ಅಥವಾ ಬಿಪಿ ಇಳಿದಿದ್ದರೆ 500ಕ್ಕೆ ಕಾಯುವಂತಿಲ್ಲ. ಮನೆಗೆ ಬಂದ ಮೇಲಾದರೆ, ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದು ಹೋಗುತ್ತಿದ್ದರೆ, ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ, ಬಾಣಂತಿ ತಲೆಸುತ್ತು ಎಂದರೆ, ಮೈ ತಣ್ಣಗೆ ಬೆವರುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಯಜಮಾನರು ತೋಟದಿಂದ ಬರಲಿ ಎಂದು ಕೂರಬೇಡಿ.

ಈಗ ‘ಕೆಟ್ಟ ರಕ್ತ’ಕ್ಕೆ ಬರೋಣ. ಒಂಬತ್ತು ತಿಂಗಳು ಮಗುವನ್ನು ಸಾಕಿದ ರಕ್ತ ಅದು. ಮಗು ಹೊರಬಂದ ನಿಮಿಷಕ್ಕೇ ಅದು ಕೆಟ್ಟು ಹೋಗುವುದು ಹೇಗೆ? ಬಾಣಂತಿಯ ಹೃದಯಕ್ಕೂ ಮಿದುಳಿಗೂ ಹರಿಯುವುದು ಅದೇ ರಕ್ತ. ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಎಂಎಲ್ ಹರಿಯುತ್ತಿರುತ್ತದೆ, ಎಂದರೆ ನಿಮಿಷಕ್ಕೊಂದು ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟಿಗೂ ಮೇಲೆ. ಮಾಸು ಕಿತ್ತು ಬಂದಾಗ ಅಷ್ಟೂ ರಕ್ತನಾಳಗಳ ಬಾಯಿ ತೆರೆದಿರುತ್ತದೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಅಡ್ಡಡ್ಡ ಹೆಣೆದುಕೊಂಡ ಅದರ ಎಳೆಗಳ ನಡುವೆಯೇ ನಾಳಗಳು ಹಾದುಹೋಗುವುದರಿಂದ, ಸ್ನಾಯು ಬಿಗಿಯಾದರೆ ನಾಳಗಳ ಕತ್ತು ಹಿಸುಕಿದಂತಾಗಿ ರಕ್ತ ನಿಲ್ಲುತ್ತದೆ. ಹೊಕ್ಕುಳ ಹತ್ತಿರ ಕೈಯಿಟ್ಟು ನೋಡಿದರೆ ಬಿಗಿಯಾದ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗುತ್ತದೆ. ಸಡಿಲವಾದದ್ದು ಚಪಾತಿ ಹಿಟ್ಟಿನಂತೆ ಮೆತ್ತಗೆ. ಅತಿ ರಕ್ತಸ್ರಾವಗಳಲ್ಲಿ ಹೆಚ್ಚಿನವುಗಳ ಮೂಲ ಈ ಮೆತ್ತಗಿನ ಗರ್ಭಕೋಶವೇ. ಮೂತ್ರಕೋಶ ತುಂಬಿಕೊಂಡಿದ್ದರೂ ಅದು ಬಿಗಿಯಾಗದು. ಹೆರಿಗೆಯಾದ ಮೇಲೆ ನರ್ಸು ‘ಮೂತ್ರ ಮಾಡಿದ್ಯೇನಮ್ಮಾ’ ಎಂದು ಪದೇ ಪದೇ ಕೇಳುವುದು ಅದಕ್ಕೇ.

ಹಿರಿಯರ ಮಾತಿನಲ್ಲಿ ಒಂದು ಕಾಳಷ್ಟು ನಿಜವಿದೆ, ಒಪ್ಪಿಕೊಳ್ಳುತ್ತೇನೆ. ಮಾಸಿನ ಚೂರೋ ರಕ್ತದ ಗಡ್ಡೆಯೋ ಒಳಗೆ ಉಳಿದರೆ ತೊಂದರೆ ಹೌದು. ಆದರೆ ಆ ಚೂರು ರಕ್ತಸ್ರಾವವನ್ನು ಹೆಚ್ಚಿಸುತ್ತದೆ, ಏಕೆಂದರೆ ಅದು ಅಡ್ಡ ಇರುವಾಗ ಗರ್ಭಕೋಶ ಬಿಗಿಯಲಾರದು. ಬಿದ್ದ ಮಾಸನ್ನು ತಟ್ಟೆಯಲ್ಲಿ ಹರಡಿ, ಪೂರ್ತಿ ಬಂದಿದೆಯೇ ಎಂದು ನೋಡುವುದು ಇದೇ ಕಾರಣಕ್ಕೆ. ಹೆರಿಗೆಯಾಗಿ ನಾಲ್ಕಾರು ವಾರ ಸ್ವಲ್ಪ ಸ್ವಲ್ಪವೇ ಹೋಗುವ ಸ್ರಾವವೂ ಸಹಜವೇ. ಮೂರ್ನಾಲ್ಕು ದಿನ ಕೆಂಪಗಿದ್ದು ಬರಬರುತ್ತ ತಿಳಿಯಾಗುತ್ತದೆ. ಅದನ್ನು ಕಂಡವರು ಮೊದಲ ಗಂಟೆಯ ಧಾರೆಯನ್ನೂ ಅದೇ ಲೆಕ್ಕಕ್ಕೆ ಹಾಕಿಬಿಟ್ಟರು. ಆ ಧಾರೆಗೆ ‘ಹೋಗಲಿ ಬಿಡಿ’ ಎಂದು ಕೂತರೆ ಎರಡೇ ಗಂಟೆಯಲ್ಲಿ ಜೀವ ಹೋಗಬಹುದು.

ಇನ್ನೊಂದು ಮೋಸ ಕಣ್ಣಿನದು. ಬಟ್ಟೆ ಹೀರಿದ್ದು, ನೆಲಕ್ಕೆ ಚೆಲ್ಲಿದ್ದು, ಮಗುವಿನ ಸುತ್ತ ಇದ್ದ ನೀರಿನ ಜೊತೆ ಬೆರೆತದ್ದು ಎಲ್ಲ ಸೇರಿದರೆ ಅನುಭವಸ್ಥರ ಅಂದಾಜೂ ಕೆಳಗೇ ಇರುತ್ತದೆ. ನೆಲದ ಮೇಲೆ ಅರ್ಧ ಮೀಟರ್ ಅಗಲಕ್ಕೆ ಹರಡಿದ ರಕ್ತ ಸುಮಾರು ಅರ್ಧ ಲೀಟರ್. ಅಗಲ ಒಂದು ಮೀಟರಾದರೆ ಒಂದೂವರೆ ಲೀಟರ್. ಬಿಪಿಯನ್ನಷ್ಟೇ ನಂಬಿ ಕೂರುವಂತೆಯೂ ಇಲ್ಲ. ಆರೋಗ್ಯವಂತ ಹೆಂಗಸಿನ ದೇಹ ಒಂದು ಲೀಟರ್ ಕಳೆದುಕೊಂಡರೂ ಬಿಪಿಯನ್ನು ಹಿಡಿದು ನಿಲ್ಲಿಸಿರುತ್ತದೆ, ಓಡತೊಡಗುವುದು ನಾಡಿ. ಅದಕ್ಕೇ ಅಳೆಯಬೇಕು. ಮಗು ಬಂದ ಕೂಡಲೇ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದಿದೆ. ಅದರ ತುದಿ ಆಲಿಕೆಯಂತೆ ಚೀಲವಾಗಿ ಇಳಿದು, ಚೀಲದ ಮೇಲೆ ಎಂಎಲ್ ಗೆರೆಗಳಿರುತ್ತವೆ. ಇಂಥ ಹಾಳೆಯನ್ನು ಮೊದಲ ಹಂತದಲ್ಲೇ ಬಳಸಿ ನೋಡಿದ ಜಾಗಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಕಣ್ಣಂದಾಜು ಹಾಳೆಯ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ಎಂದು ಅಲ್ಲಿ ಗೊತ್ತಾಯಿತು.

ಮುಂದೆ ಕೀನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ಇದರ ಪರೀಕ್ಷೆ ನಡೆದು, 2023ರಲ್ಲಿ ಫಲಿತಾಂಶ ಬಂತು. ಹಾಳೆಯಿಂದ ಅಳೆಯುವುದು, ಗೆರೆ ಮುಟ್ಟಿದ ಕೂಡಲೇ ಗರ್ಭಕೋಶ ತಿಕ್ಕುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ಕಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಮಿಕ್ ಆಸಿಡ್ ಒಂದು ಗ್ರಾಂ, ಡ್ರಿಪ್, ರಕ್ತ ಎಲ್ಲಿಂದ ಬರುತ್ತಿದೆ ಎಂಬ ತಪಾಸಣೆ. ಒಂದಾದ ಮೇಲೊಂದು ಎಂದು ಕಾಯದೆ ಎಲ್ಲವನ್ನೂ ಒಟ್ಟಿಗೆ ಮಾಡಿದ್ದರಿಂದ ತೀವ್ರ ರಕ್ತಸ್ರಾವ, ಹೊಟ್ಟೆ ಕೊಯ್ಯುವ ಪ್ರಮೇಯ, ಸಾವು ಈ ಮೂರೂ ಸೇರಿದ ಲೆಕ್ಕ ಶೇ 60ರಷ್ಟು ಇಳಿಯಿತು. ಹಳೆಯ ಪದ್ಧತಿಯಲ್ಲೇ ನಡೆದ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವದ ಸುಮಾರು ಅರ್ಧದಷ್ಟು ಪ್ರಕರಣಗಳು ಗೊತ್ತೇ ಆಗಿರಲಿಲ್ಲ. ಟ್ರಾನೆಕ್ಸಮಿಕ್ ಆಸಿಡ್ಡನ್ನು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಡಬೇಕು, ಆಮೇಲೆ ಕೊಟ್ಟು ಪ್ರಯೋಜನವಿಲ್ಲ.

ಗರ್ಭಕೋಶದ ಸ್ನಾಯು ಓಸ್ಲೋದಲ್ಲೂ ಸಡಿಲವಾಗುತ್ತದೆ, ನೈಜೀರಿಯಾದ ಕಾನೋದಲ್ಲೂ ಆಗುತ್ತದೆ. ಆದರೂ 2020ರ ಅಂದಾಜಿನಂತೆ ಒಂದು ಲಕ್ಷ ಜೀವಂತ ಜನನಕ್ಕೆ ನಾರ್ವೆಯಲ್ಲಿ ಸತ್ತ ತಾಯಂದಿರು ಇಬ್ಬರು, ನೈಜೀರಿಯಾದಲ್ಲಿ ಸಾವಿರಕ್ಕೂ ಹೆಚ್ಚು. ಅಷ್ಟು ದೂರ ಯಾಕೆ, 2018–20ರ ಲೆಕ್ಕದಲ್ಲಿ ಕೇರಳ 19, ಕರ್ನಾಟಕ 69, ಅಸ್ಸಾಂ 195. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಂಡು ರಕ್ತಹೀನಳಾದವಳಿಗೆ 500 ಎಂಎಲ್ ಕೂಡ ದೊಡ್ಡ ನಷ್ಟ, ಮತ್ತು ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ಆಸ್ಪತ್ರೆಗೆ ಹೊರಡಲು ಅವಳ ಒಬ್ಬಳ ಮಾತು ಸಾಲದ ಮನೆಗಳಲ್ಲಿ ಮೊದಲ ತಡ ಹೊಸಿಲಲ್ಲೇ ಆಗುತ್ತದೆ. ರಸ್ತೆ, ಆಂಬುಲೆನ್ಸ್, ರಕ್ತನಿಧಿಯ ಮಾತೆಲ್ಲ ಆಮೇಲಿನದು.

ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಈ ಆಕ್ಸಿಟೋಸಿನ್ ನಿಮಗೆ ಹಟ್ಟಿಯಿಂದ ಪರಿಚಯವಿರಬಹುದು. ಕರು ಮೊಲೆಗೆ ಬಾಯಿ ಹಾಕಿದಾಗ ಹಸು ಸೊರೆ ಬಿಡುವುದು ಇದೇ ಹಾರ್ಮೋನಿನಿಂದ. ಬಾಣಂತಿ ಮಗುವಿಗೆ ಬೇಗ ಹಾಲೂಡಿಸಿದರೆ ಗರ್ಭಕೋಶ ಬಿಗಿಯಾಗುವುದೂ ಅದರಿಂದಲೇ. ಹಾಲು ಇಳಿಸಲು ದನಗಳಿಗೆ ಈ ಇಂಜೆಕ್ಷನ್ ಚುಚ್ಚುವುದನ್ನು ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ತಯಾರಿಸಿ ಮಾರದಂತೆ ಆದೇಶಿಸಿ, ದೇಶದ ಅಷ್ಟೂ ಬೇಡಿಕೆಯನ್ನು ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಒಂದರ ಹೆಗಲಿಗೆ ಹಾಕಹೊರಟಿತು. ದನದ ಚಿಂತೆಯಲ್ಲಿ ಬಾಣಂತಿ ಮರೆತು ಹೋದಂತಿತ್ತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಇಂಜೆಕ್ಷನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು. ಕರೆಂಟಿಲ್ಲದ ಕಡೆ ದಿನಗಟ್ಟಲೆ ಹೊರಗಿಟ್ಟರೆ ಶಕ್ತಿ ಕುಂದುತ್ತದೆ, ನೋಡಿದರೆ ಮಾತ್ರ ಮೊದಲಿನಂತೆಯೇ ತಿಳಿನೀರು. ಫ್ರಿಜ್ ಬೇಡದ ದಾರಿ, ಗರ್ಭಕೋಶವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಗುಳಿಗೆ, ಒಂದೇ ಸಲಕ್ಕೆ 600 ಮೈಕ್ರೋಗ್ರಾಂ. ಇದನ್ನು ಹಳ್ಳಿಯ ಹೆರಿಗೆಗಳಲ್ಲಿ ಎಎನ್‌ಎಂಗಳ, ಎಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರ, ಕೈಯಿಂದಲೇ ಕೊಡಿಸಿ ಪರೀಕ್ಷಿಸಿದ್ದೂ ಬೆಳಗಾವಿ ಜಿಲ್ಲೆಯಲ್ಲಿ. 1620 ಹೆಂಗಸರು ಭಾಗವಹಿಸಿದ್ದ ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. ಗುಳಿಗೆ ಕೊಡುವ ಮೊದಲು ಹೊಟ್ಟೆ ಮುಟ್ಟಿ, ಒಳಗೆ ಇನ್ನೊಂದು ಮಗು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ನುಂಗಿದ ಮೇಲೆ ಗಡಗಡ ನಡುಕ ಬರುವುದುಂಟು, ಜ್ವರವೂ ಬರಬಹುದು. ಅದು ಗುಳಿಗೆಯ ಗುಣ. ಬಾಣಂತಿಗೆ ಶೀತವಾಯಿತೆಂದು ನಾಲ್ಕು ಕಂಬಳಿ ಹೊದಿಸಿ ಬಾಗಿಲು ಹಾಕಿಕೊಂಡು ಹೋದರೆ ಕಂಬಳಿಯ ಕೆಳಗೆ ಎಷ್ಟು ರಕ್ತ ಹೋಗುತ್ತಿದೆ ಎಂದು ನೋಡುವವರೇ ಇರುವುದಿಲ್ಲ.