ಕಡಿಮೆ ಬೆಲೆಯ ಮಳೆ ಜಾಕೆಟ್: ಕಾಸರಗೋಡಿನ ಮಳೆಗೆ ಏನನ್ನು ನೋಡಿ ಕೊಳ್ಳಬೇಕು

ಸೋರುತ್ತದೆ ಎಂಬ ದೂರಿನೊಂದಿಗೆ ದುರಸ್ತಿಗೆ ಬರುವ ಮಳೆ ಜಾಕೆಟ್‌ಗಳನ್ನು ಮೇಜಿನ ಮೇಲೆ ಹರಡಿ ಪರೀಕ್ಷಿಸಿದಾಗ, ಹೆಚ್ಚಿನವುಗಳ ಬಟ್ಟೆಯಲ್ಲಿ ಯಾವ ದೋಷವೂ ಕಾಣಿಸುವುದಿಲ್ಲ. ನೀರು ಒಳಗೆ ಬಂದಿರುವುದು ಹೆಗಲಿನ ಹೊಲಿಗೆಯಿಂದ, ಟೊಪ್ಪಿಯು ಕತ್ತುಪಟ್ಟಿಗೆ ಸೇರುವ ಸಂದಿನಿಂದ, ಇಲ್ಲವೇ ಜಿಪ್ಪಿನಿಂದ. ಕೆಲವು ಜಾಕೆಟ್‌ಗಳಲ್ಲಿ ಹೊರಗಿನ ನೀರು ಒಳಗೆ ಬಂದೇ ಇರುವುದಿಲ್ಲ. ತೊಟ್ಟವರ ಬೆವರು ಹೊರಹೋಗಲು ದಾರಿಯಿಲ್ಲದೆ ಒಳಮೈಗೆ ಹನಿಗಟ್ಟಿ ಅಂಗಿಯನ್ನು ತೋಯಿಸಿರುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಕಾಣುವ ಕಾಸರಗೋಡು ಜಿಲ್ಲೆಯಲ್ಲಿ ಮಳೆ ಜಾಕೆಟ್ ಶೋಕಿಯ ವಸ್ತುವಲ್ಲ. ರಬ್ಬರು ಟ್ಯಾಪಿಂಗಿಗೆ ಹೋಗುವವರಿಗೆ, ಪತ್ರಿಕೆ ಹಂಚುವವರಿಗೆ, ಬೈಕಿನಲ್ಲಿ ಬದಿಯಡ್ಕದಿಂದ ಮಂಗಳೂರಿಗೆ ಓಡಾಡುವವರಿಗೆ, ರಾಣಿಪುರಂ ಬೆಟ್ಟ ಹತ್ತುವ ಹುಡುಗರಿಗೆ, ಎಲ್ಲರಿಗೂ ಅದು ಬೇಕು. ಆದ್ದರಿಂದ ಒಂದೆರಡು ಸಾವಿರ ರೂಪಾಯಿಯೊಳಗೆ ಕೊಳ್ಳುವವರು ತಮ್ಮ ದುಡ್ಡು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಪೇಟೆಯಲ್ಲಿ ಸಿಗುವ ಜಾಕೆಟ್‌ಗಳ ಬಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ. ಪಿವಿಸಿ ಹಾಳೆಯ ಕೋಟು ಎಲ್ಲಕ್ಕಿಂತ ಅಗ್ಗ. ಅದರ ಅಂಚುಗಳನ್ನು ಹೊಲಿಯದೆ ಶಾಖದಿಂದ ಬೆಸೆಯಲು ಸಾಧ್ಯವಿರುವುದರಿಂದ, ಬೆಸುಗೆ ಸರಿಯಾಗಿದ್ದರೆ ಹನಿ ನೀರೂ ಒಳಗೆ ಬರುವುದಿಲ್ಲ. ಆದರೆ ಅದು ಭಾರ, ಅದರೊಳಗೆ ಸೆಕೆ, ಮತ್ತು ಒಂದೇ ಮಡಿಕೆಯಲ್ಲಿ ಬಹಳ ಕಾಲ ಮಡಚಿಟ್ಟರೆ ಆ ಗೆರೆಯುದ್ದಕ್ಕೂ ಬಿರಿಯುತ್ತದೆ. ಎರಡನೆಯದು ಪಾಲಿಯೆಸ್ಟರ್ ಅಥವಾ ನೈಲಾನ್ ಬಟ್ಟೆಯ ಒಳಮೈಗೆ ಪಾಲಿಯುರೇಥೇನ್, ಅಂದರೆ ಪಿಯು, ತೆಳುವಾಗಿ ಲೇಪಿಸಿದ್ದು. ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಯವರೆಗಿನ ಹೆಚ್ಚಿನ ಜಾಕೆಟ್‌ಗಳು ಇದೇ ಬಗೆಯವು, ಮತ್ತು ಈ ಅಂಕಣದ ಓದುಗರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದೂ ಇದನ್ನೇ. ಮೂರನೆಯದು ಹೊರಬಟ್ಟೆ ಮತ್ತು ಒಳಬಟ್ಟೆಯ ನಡುವೆ ಸೂಕ್ಷ್ಮ ರಂಧ್ರಗಳ ಪೊರೆಯನ್ನು ಅಂಟಿಸಿದ ಮೂರು ಪದರದ ಬಟ್ಟೆ. ಇದರ ಬೆಲೆ ಸಾಮಾನ್ಯವಾಗಿ ಎಂಟು-ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮೇಲಕ್ಕೆ ಏರುತ್ತದೆ. ಅಷ್ಟು ಖರ್ಚು ಮಾಡಿದರೂ ನಮ್ಮ ಊರಿನ ಹವೆಯಲ್ಲಿ ಅದಕ್ಕೆ ತಕ್ಕ ಪ್ರಯೋಜನ ಸಿಗದು. ಕಾರಣವನ್ನು ಮುಂದೆ ವಿವರಿಸುತ್ತೇನೆ.

ಲೇಬಲ್‌ನಲ್ಲಿ 2000, 5000, 10,000 ಮಿಲಿಮೀಟರ್ ಎಂದು ಮುದ್ರಿಸಿರುವುದನ್ನು ಊರಿನ ಮಳೆಯ ಅಳತೆಯೊಂದಿಗೆ ಬೆರೆಸಿಕೊಳ್ಳಬಾರದು. ಬಟ್ಟೆಯ ಮೇಲೆ ನೀರಿನ ಒತ್ತಡವನ್ನು ನಿಧಾನವಾಗಿ ಏರಿಸುತ್ತ ಹೋದಾಗ ಎಷ್ಟು ಎತ್ತರದ ನೀರಿನ ಕಂಬದ ಭಾರಕ್ಕೆ ಅದು ಒಸರಲು ತೊಡಗುತ್ತದೆ ಎಂಬುದರ ಅಳತೆ ಅದು. ಆಕಾಶದಿಂದ ಬೀಳುವ ಹನಿಯ ಪೆಟ್ಟನ್ನು ತಡೆಯಲು ಒಂದೂವರೆ-ಎರಡು ಸಾವಿರದ ಬಟ್ಟೆಯೂ ಸಾಕಾಗುತ್ತದೆ. ಹೆಚ್ಚಿನ ತಡೆ ಬೇಕಾಗುವುದು ಮೈಭಾರ ಬೀಳುವ ಜಾಗಗಳಲ್ಲಿ. ಅರುವತ್ತು ಕಿಲೋ ತೂಕದವರೊಬ್ಬರು ಒದ್ದೆ ನೆಲದ ಮೇಲೆ ಮೊಣಕಾಲೂರಿದಾಗ ಆ ಭಾರವೆಲ್ಲ ನೂರು ಚದರ ಸೆಂಟಿಮೀಟರ್ ಜಾಗದ ಮೇಲೆ ಬಿತ್ತೆಂದು ಹಿಡಿದರೆ, ಅಲ್ಲಿನ ಒತ್ತಡ ಆರು ಮೀಟರ್ ನೀರಿನ ಕಂಬಕ್ಕೆ, ಅಂದರೆ 6000 ಮಿಲಿಮೀಟರಿಗೆ ಸಮನಾಗುತ್ತದೆ. ಬೆನ್ನುಚೀಲದ ಪಟ್ಟಿ ಒತ್ತುವ ಹೆಗಲಿಗೂ ಬೈಕಿನ ಸೀಟಿನ ಮೇಲೆ ಕುಳಿತ ಪ್ಯಾಂಟಿಗೂ ಈ ಮಾತು ಬೇರೆ ಬೇರೆ ಪ್ರಮಾಣದಲ್ಲಿ ಅನ್ವಯಿಸುತ್ತದೆ. ಚೀಲ ಹೊರುವವರು 5000ದ ಆಸುಪಾಸಿನದನ್ನು ಕೊಂಡರೆ ಸಾಕು. ಅದಕ್ಕಿಂತ ಮೇಲಿನ ಅಂಕಿಗೆ ಕೊಡುವ ದುಡ್ಡನ್ನು ಹೊಲಿಗೆಗೆ ಕೊಡುವುದು ಲೇಸು.

ಹೊಲಿಗೆಯ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಸೂಜಿ ಹಾದುಹೋದ ಪ್ರತಿ ಜಾಗದಲ್ಲೂ ಲೇಪಕ್ಕೆ ಒಂದು ತೂತು ಬಿದ್ದಿರುತ್ತದೆ. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬೀಳುವ ಲೆಕ್ಕದಲ್ಲಿ ಎರಡಡಿ ಉದ್ದದ ಒಂದೇ ಹೊಲಿಗೆಯಲ್ಲಿ ಇನ್ನೂರರಷ್ಟು ತೂತುಗಳಾಗುತ್ತವೆ. ನೂಲು ಅವುಗಳನ್ನು ಮುಚ್ಚುವುದಿಲ್ಲ, ಬದಲಿಗೆ ನೀರನ್ನು ಹೀರಿ ಒಳಗೆ ಸಾಗಿಸುತ್ತದೆ. ಆದ್ದರಿಂದಲೇ ಒಳಭಾಗದಲ್ಲಿ ಹೊಲಿಗೆಯುದ್ದಕ್ಕೂ ಎರಡು ಸೆಂಟಿಮೀಟರಿನಷ್ಟು ಅಗಲದ ಟೇಪನ್ನು ಬಿಸಿಗಾಳಿಯಿಂದ ಅಂಟಿಸುತ್ತಾರೆ. ಕೆಲವು ತಯಾರಕರು ಹೆಗಲು ಮತ್ತು ಟೊಪ್ಪಿಗೆ ಮಾತ್ರ ಟೇಪು ಹಾಕಿ, ಪಕ್ಕೆ ಮತ್ತು ತೋಳುಗಳನ್ನು ಹಾಗೆಯೇ ಬಿಡುತ್ತಾರೆ. ತುಂತುರು ಮಳೆಗೆ ಅಷ್ಟು ಸಾಕಾದೀತು, ಗಾಳಿ ಅಡ್ಡಡ್ಡ ಬೀಸುವ ಆಟಿಯ ಮಳೆಗೆ ಸಾಲದು. ಅಂಗಡಿಯಲ್ಲಿ ಜಾಕೆಟನ್ನು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿದು ನೋಡಿ. ಕಂಕುಳಿನಲ್ಲಿ ನಾಲ್ಕು ಹೊಲಿಗೆಗಳು ಕೂಡುವ ಜಾಗದಲ್ಲಿ ಟೇಪಿನ ಮೇಲೆ ಟೇಪು ಬಂದು ಚಪ್ಪಟೆಯಾಗಿ ಕೂತಿದೆಯೇ, ಅದರಡಿಯಲ್ಲಿ ಗಾಳಿಗುಳ್ಳೆ ಇದೆಯೇ, ಉಗುರಿನಿಂದ ಮೆಲ್ಲಗೆ ಎತ್ತಿದರೆ ಅಂಚು ಏಳುತ್ತದೆಯೇ ಎಂಬುದನ್ನು ಗಮನಿಸಿ. ಒಳಗೆ ಬಲೆಯ ಅಸ್ತರಿ ಹೊಲಿದಿದ್ದರೆ ಟೇಪು ಕಾಣಿಸುವುದಿಲ್ಲ. ಆಗ ತೋಳಿನ ತುದಿಯಿಂದ ಅಥವಾ ಜೇಬಿನ ಒಳಗಿನಿಂದ ಬೆರಳಾಡಿಸಿ ಮುಟ್ಟಿ ನೋಡಬೇಕು. ಮನೆಗೆ ತಂದ ಮೇಲೆ ಇನ್ನೊಂದು ಪರೀಕ್ಷೆ ಮಾಡಬಹುದು. ಹೆಗಲಿನ ಭಾಗವನ್ನು ಒಂದು ಬಾಲ್ದಿಯ ಬಾಯಿಗೆ ಹೊರಮೈ ಮೇಲೆ ಬರುವಂತೆ ಗುಂಡಿಯಾಗಿ ಇಳಿಬಿಟ್ಟು, ಅದರಲ್ಲಿ ಒಂದು ಚೊಂಬು ನೀರು ಹೊಯ್ದು, ಬಾಲ್ದಿಯ ತಳದಲ್ಲಿ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಾಸಿ ಕಾಲು ಗಂಟೆ ಬಿಡಿ. ಹಾಳೆಯಲ್ಲಿ ಒದ್ದೆಯ ಚುಕ್ಕಿ ಕಂಡರೆ, ಮಾರಾಟದ ಚೀಟಿಯ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ.

ಇನ್ನು ಬೆವರಿನ ಪ್ರಶ್ನೆ. ಆವಿಯನ್ನು ಹೊರಬಿಡುವ ಬಟ್ಟೆ ಎಂದು ಹೇಳಿ ಮಾರುವ ಜಾಕೆಟ್‌ಗಳ ಲೇಬಲ್‌ನಲ್ಲಿ ಒಂದು ಚದರ ಮೀಟರ್ ಬಟ್ಟೆ 24 ಗಂಟೆಗಳಲ್ಲಿ ಎಷ್ಟು ಗ್ರಾಂ ಆವಿಯನ್ನು ದಾಟಿಸುತ್ತದೆ ಎಂಬ ಅಂಕಿ ಇರುತ್ತದೆ. 5000 ಗ್ರಾಂ ಎಂದಿದ್ದರೆ ಗಂಟೆಗೆ ಇನ್ನೂರು ಗ್ರಾಮಿಗಿಂತ ತುಸು ಹೆಚ್ಚು. ಏರುದಾರಿಯಲ್ಲಿ ಚೀಲ ಹೊತ್ತು ನಡೆಯುವವರು ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೂ ಬೆವರಬಲ್ಲರು. ಅದರಲ್ಲಿ ಸೊಂಟದಿಂದ ಮೇಲಿನ ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಬಟ್ಟೆಯ ಸಾಮರ್ಥ್ಯ ಸಾಲುವುದಿಲ್ಲ. ಅದೂ ಪ್ರಯೋಗಾಲಯದ ಅನುಕೂಲ ಸ್ಥಿತಿಯಲ್ಲಿ ಬಂದ ಅಂಕಿ. ಪರೀಕ್ಷೆಯ ವಿಧಾನ ಬದಲಾದರೆ ಅದೇ ಬಟ್ಟೆಗೆ ಎಷ್ಟೋ ಪಟ್ಟು ಬೇರೆ ಅಂಕಿ ಬರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹೊರಗಿನ ಹವೆ. ಆವಿಯು ಪೊರೆಯನ್ನು ದಾಟುವುದು ಒಳಗಿನ ಮತ್ತು ಹೊರಗಿನ ಆವಿಯ ಒತ್ತಡಗಳ ವ್ಯತ್ಯಾಸದಿಂದ. 35 ಡಿಗ್ರಿ ಸೆಲ್ಸಿಯಸ್ ಇರುವ ಬೆವರಿದ ಚರ್ಮದ ಬಳಿ ಆವಿಯ ಒತ್ತಡ ಸುಮಾರು 5.6 ಕಿಲೋಪಾಸ್ಕಲ್. ಹೊರಗೆ 5 ಡಿಗ್ರಿಯ ಹಿಮಾಲಯದ ತಪ್ಪಲಿನಲ್ಲಿ ಮಳೆ ಬರುತ್ತಿದ್ದರೂ ಅಲ್ಲಿನ ಆವಿಯ ಒತ್ತಡ ಒಂದು ಕಿಲೋಪಾಸ್ಕಲ್‌ಗಿಂತ ಕಡಿಮೆ. ಹೀಗಾಗಿ ಒಳಗಿನ ಆವಿಯನ್ನು ಹೊರಗೆ ತಳ್ಳುವ ಬಲ ಚೆನ್ನಾಗಿರುತ್ತದೆ. ಜುಲೈ ತಿಂಗಳ ಮುಳ್ಳೇರಿಯದಲ್ಲಿ 25 ಡಿಗ್ರಿ ಉಷ್ಣತೆ ಮತ್ತು ನೂರಕ್ಕೆ ತೊಂಬತ್ತೈದರಷ್ಟು ತೇವಾಂಶವಿದ್ದಾಗ ಹೊರಗಿನ ಒತ್ತಡವೇ ಮೂರು ಕಿಲೋಪಾಸ್ಕಲ್. ತಳ್ಳುವ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ಹತ್ತು ಸಾವಿರ ರೂಪಾಯಿಯ ಪೊರೆಯೂ ಈ ಹವೆಯೆದುರು ಸೋಲುತ್ತದೆ.

ಹಾಗಾದರೆ ಉಪಾಯವೇನು ಎಂದು ಕೇಳಿದರೆ, ಗಾಳಿಯಾಡಲು ತೆರಪು ಬಿಡುವುದು. ನೇಜಿ ನೆಡುವ ಹೆಂಗಸರು ಬೆನ್ನಿಗೆ ಹೊತ್ತುಕೊಳ್ಳುತ್ತಿದ್ದ ಗೊರಬು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಬಗೆಹರಿಸಿತ್ತು: ಬಿದಿರಿನ ಹಂದರಕ್ಕೆ ಎಲೆ ಹೊದಿಸಿದ ಅದು ಮೇಲಿನಿಂದ ಬೀಳುವ ಮಳೆಯನ್ನು ಪೂರ್ತಿ ತಡೆಯುತ್ತಿತ್ತು, ಆದರೆ ಮೈಗೆ ಅಂಟದೆ ನಿಂತು ಕೆಳಗಿನಿಂದ ಗಾಳಿಯನ್ನು ಧಾರಾಳವಾಗಿ ಬಿಡುತ್ತಿತ್ತು. ಜಾಕೆಟ್‌ನಲ್ಲಿ ಅದೇ ಗುಣವನ್ನು ಹುಡುಕಬೇಕು. ಕಂಕುಳಿನ ಕೆಳಗೆ ತೆರೆಯಬಹುದಾದ ಜಿಪ್, ಬೆನ್ನಿನ ಮೇಲ್ಭಾಗದಲ್ಲಿ ಮಡಿಕೆಯ ಮರೆಯಲ್ಲಿ ಬಲೆಯ ಕಿಂಡಿ, ಮೈಗಿಂತ ಒಂದು ಅಳತೆ ಸಡಿಲವಾದ ಹೊಲಿಗೆ, ಇವು ಮೂರರಲ್ಲಿ ಎರಡಾದರೂ ಇರುವ ಎರಡು ಸಾವಿರದ ಪಿಯು ಜಾಕೆಟ್, ಏನೂ ತೆರಪಿಲ್ಲದ ದುಬಾರಿ ಜಾಕೆಟ್‌ಗಿಂತ ಇಲ್ಲಿ ಹೆಚ್ಚು ಸುಖ ಕೊಡುತ್ತದೆ. ಒಳಗೆ ಹತ್ತಿಯ ಬನಿಯನ್ ಬೇಡ, ಅದು ಬೆವರನ್ನು ಹಿಡಿದಿಟ್ಟುಕೊಂಡು ಸಂಜೆಯವರೆಗೂ ಒದ್ದೆಯಾಗಿಯೇ ಇರುತ್ತದೆ. ಆಟದ ಮೈದಾನದ ತೆಳು ಪಾಲಿಯೆಸ್ಟರ್ ಅಂಗಿ ಬೇಗ ಒಣಗುತ್ತದೆ. ತೋಳಿನ ತುದಿಯಿಂದ ಒಳಗಿನ ಅಂಗಿಯ ಅಂಚು ಹೊರಗೆ ಇಣುಕದಂತೆಯೂ ನೋಡಿಕೊಳ್ಳಬೇಕು, ಏಕೆಂದರೆ ಅರ್ಧ ಇಂಚು ಬಟ್ಟೆ ಹೊರಗಿದ್ದರೂ ಅದು ನೀರನ್ನು ಹೀರುತ್ತ ಮೊಣಕೈವರೆಗೆ ಒಯ್ಯುತ್ತದೆ. ಇದನ್ನೇ ಸೋರಿಕೆ ಎಂದು ತಿಳಿದು ಬರುವವರು ಬಹಳ ಮಂದಿ.

ಟೊಪ್ಪಿಗೆ ಮುಂದೆ ಗಟ್ಟಿಯಾದ ಚಾಚು ಇರಬೇಕು ಮತ್ತು ತಲೆ ತಿರುಗಿಸಿದಾಗ ಟೊಪ್ಪಿಯೂ ಜೊತೆಗೆ ತಿರುಗಬೇಕು. ಮುಂಭಾಗದ ಜಿಪ್ಪಿನ ಮೇಲೆ ವೆಲ್ಕ್ರೋ ಅಥವಾ ಗುಂಡಿಯಿರುವ ಮುಚ್ಚುಪಟ್ಟಿ ಇದ್ದರೆ, ಅದು ರಬ್ಬರು ಲೇಪದ ನಯವಾದ ಜಿಪ್ಪಿಗಿಂತ ಹೆಚ್ಚು ಬಾಳುತ್ತದೆ. ಬೈಕಿನವರಿಗೆ ಈ ಪಟ್ಟಿ ಎರಡು ಮಡಿಕೆಯದ್ದಾಗಿರಲಿ, ಎದುರುಗಾಳಿ ನೀರನ್ನು ನೇರವಾಗಿ ಎದೆಗೆ ಒತ್ತುತ್ತದೆ. ಬಣ್ಣ ಕಪ್ಪು ಬೇಡ. ಮಳೆಯ ಮಬ್ಬಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ನೀವು ಕಾಣಿಸಬೇಕು.

ಹೊಸ ಜಾಕೆಟಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಜಾರುತ್ತದೆ. ಅದಕ್ಕೆ ಕಾರಣ ಹೊರಮೈಗೆ ಹಚ್ಚಿದ ಇನ್ನೊಂದು ತೆಳು ಲೇಪ, ಒಳಗಿನ ಪಿಯು ಅಲ್ಲ. ಈ ಹೊರಲೇಪ ಕೊಳೆ, ಹೊಗೆ ಮತ್ತು ಎಣ್ಣೆಯಿಂದ ಮಂಕಾದಾಗ ಹೊರಬಟ್ಟೆ ನೀರು ಕುಡಿದು ಭಾರವಾಗಿ, ತಣ್ಣಗೆ ಮೈಗೆ ಅಂಟುತ್ತದೆ. ಆವಿ ಹೊರಹೋಗುವ ಅಲ್ಪಸ್ವಲ್ಪ ದಾರಿಯೂ ಮುಚ್ಚುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚುವ ನಮ್ಮಲ್ಲಿ ಮೊದಲು ಕೆಡುವುದು ಟೊಪ್ಪಿ ಮತ್ತು ಕತ್ತುಪಟ್ಟಿ. ಎಣ್ಣೆ ಟೇಪಿನ ಅಂಟನ್ನೂ ಸಡಿಲಿಸುತ್ತದೆ. ಆದ್ದರಿಂದ ಮಳೆಗಾಲದ ನಡುವೆಯೂ ಒಮ್ಮೆ ಸೌಮ್ಯವಾದ ದ್ರವ ಸಾಬೂನಿನಲ್ಲಿ, ಬ್ರಶ್ ಹಾಕದೆ ಒಗೆದು, ಸಾಬೂನಿನ ಅಂಶ ಉಳಿಯದಂತೆ ಎರಡು ಮೂರು ನೀರಿನಲ್ಲಿ ಜಾಲಿಸಬೇಕು. ಬಟ್ಟೆ ಮೃದುವಾಗಿಸುವ ದ್ರವವನ್ನು ಎಂದೂ ಬಳಸಬಾರದು. ಪೂರ್ತಿ ಒಣಗಿದ ಮೇಲೆ, ಲೇಬಲ್‌ನಲ್ಲಿ ಇಸ್ತ್ರಿಗೆ ಅನುಮತಿಯಿದ್ದರೆ, ಮೇಲೊಂದು ಹತ್ತಿಯ ಬಟ್ಟೆ ಹಾಸಿ ಅತಿ ಕಡಿಮೆ ಬಿಸಿಯಲ್ಲಿ ಹೊರಮೈಯನ್ನು ಇಸ್ತ್ರಿ ಮಾಡಿದರೆ ಹೊರಲೇಪ ಬಹುಮಟ್ಟಿಗೆ ಮತ್ತೆ ಚುರುಕಾಗುತ್ತದೆ.

ಪಿಯು ಲೇಪಕ್ಕೆ ನಮ್ಮ ಜಿಲ್ಲೆಯಲ್ಲಿ ನಿಜವಾದ ಶತ್ರು ಮಳೆಯಲ್ಲ, ಮಳೆಗಾಲದ ನಂತರ ಅದನ್ನು ಇಡುವ ರೀತಿ. ತೇವ ಮತ್ತು ಶಾಖ ಎರಡೂ ಸೇರಿದಾಗ ಪಾಲಿಯುರೇಥೇನಿನ ಅಣುಸರಪಳಿಗಳು ನೀರಿನೊಂದಿಗೆ ವರ್ತಿಸಿ ತುಂಡಾಗುತ್ತ ಹೋಗುತ್ತವೆ. ಮೊದಲು ಹುಳಿಯಾದ ವಾಸನೆ ಬರುತ್ತದೆ, ಮತ್ತೆ ಒಳಮೈ ಬೆರಳಿಗೆ ಅಂಟತೊಡಗುತ್ತದೆ, ಕೊನೆಗೆ ಲೇಪ ಹೊಟ್ಟಿನಂತೆ ಉದುರುತ್ತದೆ. ಒದ್ದೆ ಜಾಕೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೈಕಿನ ಸೀಟಿನಡಿ ಬಿಡುವುದು, ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ನೇತುಹಾಕುವುದು, ಇವೆರಡೂ ಆ ಕ್ರಿಯೆಯನ್ನು ಬೇಗನೆ ಮುಗಿಸುತ್ತವೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಮೊದಲು ಒಳಮೈ ಮತ್ತು ನಂತರ ಹೊರಮೈ ಒಣಗುವಂತೆ ಹ್ಯಾಂಗರಿಗೆ ಹಾಕಬೇಕು; ಬೇಸಗೆಯಲ್ಲಿ ಮಡಚದೆ ಕಪಾಟಿನಲ್ಲಿ ತೂಗಿಬಿಡಬೇಕು. ಗೋದಾಮಿನಲ್ಲಿ ಉಳಿದ ಹಳೆಯ ಸರಕಿಗೂ ಇದೇ ಗತಿ. ಮೇ ತಿಂಗಳ ರಿಯಾಯಿತಿ ಮಾರಾಟದಲ್ಲಿ ಕೊಳ್ಳುವವರು ಲೇಬಲ್‌ನಲ್ಲಿ ತಯಾರಾದ ತಿಂಗಳು, ವರ್ಷ ಮುದ್ರಿಸಿದ್ದರೆ ಅದನ್ನು ಓದಿ, ಒಳಮೈಯ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಬಿಡಿಸಿ ನೋಡಬೇಕು. ಬಿಡಿಸುವಾಗ ಚಿಟಿಚಿಟಿ ಶಬ್ದ ಬಂದರೆ ಅರ್ಧ ಬೆಲೆಗೂ ಬೇಡ.

ಅಡಿಕೆ ತೋಟದಲ್ಲಿ ಮದ್ದು ಬಿಡುವವರಿಗೆ ನಾನು ಪಿಯು ಜಾಕೆಟ್ ಹೇಳುವುದಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮರದ ತುದಿಯಿಂದ ಮೈಮೇಲೆ ಇಳಿಯುತ್ತಲೇ ಇರುತ್ತದೆ. ಅದು ಒಣಗಿ ಹೊರಲೇಪದ ಮೇಲೆ ಕೂತರೆ ತೆಗೆಯಲು ಉಜ್ಜಲೇಬೇಕು, ಉಜ್ಜಿದರೆ ಲೇಪ ಹೋಗುತ್ತದೆ. ಆ ಕೆಲಸಕ್ಕೆ ಬೆಸುಗೆಯ ಅಂಚಿರುವ ಅಗ್ಗದ ಪಿವಿಸಿ ಕೋಟೊಂದನ್ನು ಪ್ರತ್ಯೇಕವಾಗಿಟ್ಟು, ಸಂಜೆ ನೀರು ಹೊಯ್ದು ತೊಳೆದು ತೂಗುಹಾಕಿದರೆ ಸಾಕು.

ಲೇಪ ಗಟ್ಟಿಯಿದ್ದು ಟೇಪು ಮಾತ್ರ ಎದ್ದಿರುವ ಜಾಕೆಟನ್ನು ಎಸೆಯಬೇಡಿ. ಹಳೆಯ ಟೇಪನ್ನು ಸುಲಿದು, ಅಂಟಿನ ಕೊಳೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಹೊಸ ಟೇಪು ಹಾಕಿಸಿದರೆ ಅದು ಇನ್ನೂ ಕೆಲವು ಮಳೆಗಾಲ ಬಾಳುತ್ತದೆ, ಮತ್ತು ಖರ್ಚು ಹೊಸ ಜಾಕೆಟಿನ ಬೆಲೆಯ ಸಣ್ಣ ಪಾಲು ಮಾತ್ರ. ಲೇಪವೇ ಅಂಟಂಟಾಗಿ ಉದುರುತ್ತಿದ್ದರೆ ಯಾವ ದುರಸ್ತಿಯೂ ನಿಲ್ಲುವುದಿಲ್ಲ; ಅದಕ್ಕೆ ದುಡ್ಡು ಹಾಕಿಸಿಕೊಳ್ಳುವ ಅಂಗಡಿಯವರ ಮಾತಿಗೆ ಒಪ್ಪದೆ ಹೊಸದನ್ನೇ ಕೊಳ್ಳಿ.