ಮೀನು ಬೇಯಿಸದ ಮನೆಯಲ್ಲಿ ಮೀನಿನ ವಾಸನೆ

ಅಕ್ಕನ ಮನೆಯಲ್ಲಿ ಮೀನು ಮಾಡುವುದಿಲ್ಲ. ಆದರೂ ಒಂದು ಭಾನುವಾರ ಓವನ್‌ನಲ್ಲಿ ಕೇಕ್ ಬೇಯುತ್ತಿರುವಾಗ ಅಡುಗೆಮನೆ ತುಂಬ ಹಳಸಿದ ಮೀನಿನ ವಾಸನೆ. ಕಸದ ಬುಟ್ಟಿ ನೋಡಿದ್ದಾಯಿತು, ಸಿಂಕ್‌ನ ಜಾಲರಿ ತೊಳೆದಿದ್ದಾಯಿತು, ಪಕ್ಕದ ಮನೆಯವರ ಮೇಲೆ ಅನುಮಾನ ಪಟ್ಟಿದ್ದೂ ಆಯಿತು. ಕೊನೆಗೆ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚನ್ನು ಕೆಳಗಿಳಿಸಿ, ತಣ್ಣಗಾದ ಮೇಲೆ ಭಾವ ಮತ್ತು ನಾನು ಓವನ್ನನ್ನು ಗೂಡಿನಿಂದ ಹೊರಗೆಳೆದೆವು. ಹಿಂದಿನ ಗೋಡೆಯ ಸಾಕೆಟ್‌ನಲ್ಲಿ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದಿಹೋಗಿತ್ತು. ಪ್ಲಗ್‌ನ ಒಂದು ಪಿನ್ ಕಪ್ಪಾಗಿತ್ತು.

ಸಾಕೆಟ್‌ಗೆ ಬಳಸುವ ಕೆಲವು ಗಟ್ಟಿ ಪ್ಲಾಸ್ಟಿಕ್‌ಗಳು ಅತಿಯಾಗಿ ಕಾದರೆ ಅಮೈನ್ ಎಂಬ ಜಾತಿಯ ಅನಿಲ ಬಿಡುತ್ತವೆ. ಮೀನು ಹಳಸಿದಾಗ ಮೂಗಿಗೆ ಹೊಡೆಯುವುದೂ ಅದೇ ಜಾತಿ.

ಲೆಕ್ಕ ಹಾಕಿದರೆ ಇಲ್ಲಿ ಏನೂ ತಪ್ಪಿರಲಿಲ್ಲ. ಓವನ್ 3000 ವ್ಯಾಟ್‌ನದು. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್. ಭಾಗಿಸಿದರೆ 13 ಆಂಪಿಯರ್ ಕರೆಂಟ್. ಸಾಕೆಟ್ 16 ಆಂಪಿಯರ್‌ನದು, ನಾವು ಪವರ್ ಪ್ಲಗ್ ಅನ್ನುತ್ತೇವಲ್ಲ, ಅದೇ. ಹಾಗಿದ್ದರೆ ಸುಟ್ಟಿದ್ದೇಕೆ?

ಪಿನ್ ಸಡಿಲವಾಗಿತ್ತು, ಅದಕ್ಕೆ. ಸಾಕೆಟ್ ಒಳಗಿನ ಹಿತ್ತಾಳೆಯ ತುಟಿಗಳು ಪಿನ್ನನ್ನು ಬಿಗಿಯಾಗಿ ಕಚ್ಚಿರಬೇಕು. ಸಡಿಲವಾದರೆ ಲೋಹಕ್ಕೆ ಲೋಹ ತಾಗುವ ಜಾಗ ಚಿಕ್ಕದಾಗುತ್ತದೆ, ಕರೆಂಟ್ ಹರಿಯುವುದಕ್ಕೆ ತಡೆ ಹುಟ್ಟುತ್ತದೆ. ಆ ತಡೆ ಬರೀ 0.1 ಓಮ್ ಅಂದುಕೊಳ್ಳಿ. ಇಂಗ್ಲೆಂಡ್‌ನ ವಿಜ್ಞಾನಿ ಜೇಮ್ಸ್ ಜೂಲ್ 1840ರ ದಶಕದಲ್ಲೇ ತೋರಿಸಿಕೊಟ್ಟ ಹಾಗೆ, ಹುಟ್ಟುವ ಶಾಖ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 13 ಗುಣಿಸು 13 ಗುಣಿಸು 0.1. ಸುಮಾರು 17 ವ್ಯಾಟ್. ಹಳೇ ಜೀರೋ ಬಲ್ಬ್ ನೆನಪಿದೆಯಾ? ಹೆಸರಿಗೆ ಜೀರೋ, ತಿನ್ನುತ್ತಿದ್ದುದು ಸುಮಾರು 15 ವ್ಯಾಟ್. ಕೈಯಲ್ಲಿ ಹಿಡಿಯೋಕಾಗದಷ್ಟು ಸುಡುತ್ತಿತ್ತು. ಅಷ್ಟು ಶಾಖ ಒಂದು ಪಿನ್ನಿನ ತುದಿಯಲ್ಲಿ, ಗಾಳಿಯಾಡದ ಜಾಗದಲ್ಲಿ, ಪ್ಲೈವುಡ್‌ಗೆ ಅಂಟಿಕೊಂಡು. ಬಿಸಿಗೆ ಹಿತ್ತಾಳೆಯ ಬಿಗಿ ಇನ್ನಷ್ಟು ಹೋಗುತ್ತದೆ, ಪಿನ್ ಮೇಲೆ ಕಿಲುಬು ಕಟ್ಟುತ್ತದೆ, ತಡೆ ಜಾಸ್ತಿಯಾಗುತ್ತದೆ, ಬಿಸಿಯೂ ಜಾಸ್ತಿ.

'ಎಂಸಿಬಿ ಇತ್ತಲ್ಲ, ಯಾಕೆ ಬೀಳಲಿಲ್ಲ?' ಅಂತ ಭಾವ ಕೇಳಿದರು. ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದನ್ನು ಮಾತ್ರ. ಹರಿಯುತ್ತಿದ್ದುದು ಎಂದಿನ ಹಾಗೆ 13 ಆಂಪಿಯರ್ರೇ. ಕರೆಂಟ್ ಸೋರಿದರೆ ಬೀಳುವ ಇನ್ನೊಂದು ಸ್ವಿಚ್ ಆರ್‌ಸಿಸಿಬಿ. ಅದು ನೋಡುವುದು ಹೋದ ಕರೆಂಟ್ ಪೂರ್ತಿ ವಾಪಸ್ ಬಂತಾ ಅಂತ. ಬಂದಿತ್ತು. ಸಾಕೆಟ್ ಒಳಗೆ ಬೆಂಕಿಗೆ ಬೇಕಾದ ತಯಾರಿ ನಡೆಯುತ್ತಿದ್ದರೂ ಈ ಇಬ್ಬರು ಕಾವಲುಗಾರರಿಗೆ ಅದು ಕಾಣುವುದೇ ಇಲ್ಲ. ಅದನ್ನು ಹಿಡಿಯುವುದು ಕೈ, ಕಣ್ಣು, ಮೂಗು. ಸಾಕೆಟ್ ಓವನ್ ಬೆನ್ನ ಹಿಂದೆ ಅವಿತಿದ್ದರೆ ಮೂಗು ಒಂದೇ ಗತಿ.

ಅದು ಸಡಿಲವಾಗಿದ್ದರ ಹಿಂದೆ ಎರಡಿಂಚಿನ ಕಥೆ ಇದೆ. ಮಾಡ್ಯುಲರ್ ಕಿಚನ್‌ನ ಎತ್ತರದ ಕಪಾಟು ಸಾಮಾನ್ಯವಾಗಿ 60 ಸೆಂಟಿಮೀಟರ್ ಆಳ. ಓವನ್ ಒಳಗೆ ಕೂರುವ ಭಾಗವೇ ಹತ್ತಿರ ಹತ್ತಿರ 55. ಉಳಿಯುವ ಸಂದಿ ಗಾಳಿಗೆ ಬಿಟ್ಟಿದ್ದು, ಪ್ಲಗ್‌ಗಲ್ಲ. ಹಿಂದಿನ ಬಿಸಿಗಾಳಿ ಅಲ್ಲಿಂದ ಮೇಲೇರಿ ಹೋಗಬೇಕು. ಫಿಟ್ ಮಾಡಿದ ದಿನ ಓವನ್ ಎರಡಿಂಚು ಆಚೆಗೇ ನಿಂತಿತಂತೆ. 'ಸ್ವಲ್ಪ ಒತ್ತಿದ್ರೆ ಕೂತ್ಕೊಳ್ಳುತ್ತೆ ಮೇಡಂ' ಅಂದ ಕಾರ್ಪೆಂಟರ್ ಒತ್ತಿಯೇಬಿಟ್ಟ. ಕೂತಿತು. ಪ್ಲಗ್ ಓರೆಯಾಯಿತು, ವೈರ್ ಪ್ಲಗ್‌ನ ಬುಡದಲ್ಲೇ ಮಡಚಿಕೊಂಡಿತು. ನಾನು ಕಾರ್ಪೆಂಟರನ್ನು ಬಯ್ಯುವುದಿಲ್ಲ. ಓವನ್ ಕೊಳ್ಳುವ ಮೊದಲೇ ಗೋಡೆ ಕೊರೆದು ಸಾಕೆಟ್ ಕೂರಿಸಿದ್ದು ನಮ್ಮವರೇ ಅಲ್ವಾ?

ಸಾಮಾನ್ಯ ಪಿವಿಸಿ ವೈರ್ ತಡೆದುಕೊಳ್ಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ತನ್ನದೇ ಕರೆಂಟ್‌ನ ಬಿಸಿ, ಮೇಲೆ ಓವನ್ ಬೆನ್ನಿನ ಬಿಸಿ, ಎರಡೂ ಸೇರಿ ಆ ಮಿತಿಯೊಳಗೇ ಇರಬೇಕು.

ಎಲೆಕ್ಟ್ರಿಷಿಯನ್ ಬಂದು ಮಾಡಿದ್ದು ಇಷ್ಟು. ಪವರ್ ಪ್ಲಗ್ಗನ್ನು ಪಕ್ಕದ ಕಪಾಟಿಗೆ ಸಾಗಿಸಿದ. ನಡುವಿನ ಹಲಗೆಗೆ ತೂತು ಕೊರೆದು, ಅಂಚು ವೈರನ್ನು ಕೊಯ್ಯದಂತೆ ರಬ್ಬರ್ ಉಂಗುರ ಹಾಕಿದ. ಸ್ವಿಚ್ಚನ್ನು ಕಟ್ಟೆಯ ಮೇಲೆ, ಓವನ್ ಮುಟ್ಟದೆಯೇ ಕೈಗೆ ಸಿಗುವಲ್ಲಿ ಇಟ್ಟ. ಮನೆಯ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯಿಂದ (ಡಿಬಿ) ಓವನ್‌ಗೇ ಅಂತ ಬೇರೆ ಲೈನ್ ಎಳೆದ, 4 ಸ್ಕ್ವೇರ್ ಎಂಎಂ ತಾಮ್ರದ್ದು. ಅಕ್ಕ ಮಿಕ್ಸಿಗೆ ಅಂತ ಇಟ್ಟುಕೊಂಡಿದ್ದ ಕನ್ವರ್ಟರ್ ಪ್ಲಗ್ ತೋರಿಸಿ 'ಇದು ಓವನ್‌ಗೆ ಬೇಡ' ಅಂದ. 6 ಆಂಪಿಯರ್ ಸಾಕೆಟ್‌ಗೆ 13 ಆಂಪಿಯರ್ ಹೇರುವ ದಾರಿ ಅದು. ಪ್ಲಗ್‌ನ ಮೇಲಿನ ದಪ್ಪ ಪಿನ್ ಅರ್ತ್. ಉಳಿದೆರಡಕ್ಕಿಂತ ಉದ್ದ ಇರುತ್ತದೆ, ಹಾಕುವಾಗ ಮೊದಲು ತಾಗಿ, ತೆಗೆಯುವಾಗ ಕೊನೆಗೆ ಬಿಡಲಿ ಅಂತ. ಓವನ್ ಮೈಯೆಲ್ಲ ತಗಡು. ಆ ಪಿನ್‌ಗೆ ಅರ್ತ್ ನಿಜವಾಗಿ ಬಂದಿದೆಯಾ ಅಂತಲೂ ಅಳೆದು ನೋಡಿದ.

ಇಷ್ಟಾಗುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿತ್ತು. ಹೊಸ ಲೈನ್‌ಗೆ ಹಾಕಿ ಆನ್ ಮಾಡಿದರೆ ಆರ್‌ಸಿಸಿಬಿ ಟಪ್ ಅಂತ ಬಿತ್ತು, ಮನೆಯೆಲ್ಲ ಕತ್ತಲು. ಓವನ್ ಎಲಿಮೆಂಟ್, ಅಂದರೆ ಬಿಸಿ ಕೊಡುವ ಕೊಳವೆಯ ಒಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ವಾರಗಟ್ಟಲೆ ಸುಮ್ನೆ ಬಿದ್ದಿದ್ದರೆ ಅದು ತೇವ ಹೀರುತ್ತದೆ, ಅಲ್ಲಿಂದ ಕರೆಂಟ್ ಸೋರುತ್ತದೆ. 30 ಮಿಲಿಆಂಪಿಯರ್ ಸೋರುವುದರೊಳಗೇ ಆರ್‌ಸಿಸಿಬಿ ಬೀಳುತ್ತದೆ. ಎಲಿಮೆಂಟನ್ನು ಒಣಗಿಸಿ, ಸೋರಿಕೆ ಇದೆಯಾ ಅಂತ ಅಳೆಯುವ ಮೆಗ್ಗರ್‌ನಲ್ಲಿ ಪರೀಕ್ಷಿಸಿದ ಮೇಲೆ ಅದು ಮತ್ತೆ ಬೀಳಲಿಲ್ಲ.

ಸಾಕೆಟ್ ಈಗ ಸಾರಿನಪುಡಿ ಡಬ್ಬಿಗಳ ಪಕ್ಕದಲ್ಲಿದೆ. ಓವನ್ ಗೂಡಿನೊಳಗೆ ಒತ್ತದೆಯೇ ಕೂತಿದೆ. ಕೇಕ್ ಆದಾಗಲೆಲ್ಲ ಅಕ್ಕ ಸ್ವಿಚ್ ಆಫ್ ಮಾಡಿ, ಕಪಾಟು ತೆಗೆದು, ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ ಅಂಗೈಯ ಹಿಂಭಾಗವನ್ನು ಪ್ಲಗ್ ಮೇಲೆ ಇಡುತ್ತಾಳೆ.